ಮೀನು ಒತ್ತಿ ನೋಡಲು ರೋಬೋಗೆ ಎಂಥ ಬೆರಳು ಬೇಕು?

ಮಲ್ಪೆಯಲ್ಲಾಗಲಿ, ಮಂಗಳೂರಿನ ಬಂದರಿನಲ್ಲಾಗಲಿ, ಬಂಗುಡೆ ಕೊಳ್ಳುವವರು ಮೊದಲು ಬೆರಳಿನಿಂದ ಮೀನನ್ನು ಒತ್ತಿ ನೋಡುತ್ತಾರೆ. ಬಿದ್ದ ಗುಳಿ ಕೂಡಲೇ ಮೇಲೆದ್ದರೆ ಮೀನು ತಾಜಾ. ಗುಳಿ ಹಾಗೇ ಉಳಿದರೆ ಚೌಕಾಸಿಯೂ ಬೇಡ, ಮುಂದಿನ ಬುಟ್ಟಿಗೆ ಹೋಗಬಹುದು. ಕ್ಷಣದಲ್ಲಿ ಮುಗಿಯುವ ಈ ಕೆಲಸವನ್ನು ಕಾರು ಜೋಡಿಸುವ ಉಕ್ಕಿನ ರೋಬೋಗೆ ಕೊಟ್ಟರೆ ಅದು ಪೇಚಿಗೆ ಬೀಳುತ್ತದೆ. ಒಂದೋ ಮೀನು ಜಜ್ಜಿಹೋಗುತ್ತದೆ, ಇಲ್ಲವೇ ಮುಟ್ಟಿದ್ದೇ ಅದಕ್ಕೆ ಗೊತ್ತಾಗುವುದಿಲ್ಲ.

ನಮಗೆ ಇದು ಸುಲಭ, ಯಾಕೆಂದರೆ ನಮ್ಮ ಬೆರಳೂ ಮೆತ್ತಗಿದೆ. ಒತ್ತಿದಾಗ ಮೀನಿನ ಜೊತೆಗೆ ಬೆರಳ ತುದಿಯೂ ಚಪ್ಪಟೆಯಾಗುತ್ತದೆ. ಎಷ್ಟು ಚಪ್ಪಟೆಯಾಯಿತು, ಎಷ್ಟು ಬೇಗ ಆಯಿತು ಎಂಬುದರಿಂದಲೇ ಮೀನಿನ ಗಟ್ಟಿತನ ತಿಳಿಯುವುದು. ಒಂದು ಕೈಯ ಒಳಭಾಗದ ಚರ್ಮದಲ್ಲಿ ಸುಮಾರು 17,000 ಸ್ಪರ್ಶದ ನರತಂತುಗಳಿವೆ. ಕೆಲವು, ಒತ್ತಡ ಇರುವಷ್ಟು ಹೊತ್ತೂ ವರದಿ ಕಳಿಸುತ್ತಲೇ ಇರುತ್ತವೆ. ಕೆಲವು, ಒತ್ತಡ ಬದಲಾದ ಕ್ಷಣ ಮಾತ್ರ ಕೂಗಿ ಸುಮ್ಮನಾಗುತ್ತವೆ. ನುಣುಪಾದ ಮೀನು ಜಾರತೊಡಗಿದಾಗ ಹಿಡಿತ ತಾನಾಗಿ ಬಿಗಿಯಾಗುವುದು ಈ ಎರಡನೇ ಗುಂಪಿನಿಂದ.

ಮೆತ್ತನೆಯ ರೋಬೋ ಬೆರಳನ್ನು ಸಾಮಾನ್ಯವಾಗಿ ಸಿಲಿಕೋನ್ ರಬ್ಬರಿನಲ್ಲಿ ಎರಕ ಹೊಯ್ಯುತ್ತಾರೆ. ಒಳಗಿನ ಪುಟ್ಟ ಕೋಣೆಗಳಿಗೆ ಗಾಳಿ ತುಂಬಿದರೆ ಅದು ಬಾಗುತ್ತದೆ. ಇಷ್ಟು ಮಾಡುವುದು ಅಂಥ ಕಷ್ಟವಲ್ಲ. ತಾಪತ್ರಯ ಇರುವುದು ಬೇರೆ ಕಡೆ. ಉಕ್ಕಿನ ತೋಳಿಗೆ ಕೀಲುಗಳಿವೆ. ಪ್ರತಿ ಕೀಲು ಎಷ್ಟು ಡಿಗ್ರಿ ತಿರುಗಿದೆ ಎಂದು ಅಳೆದರೆ ತೋಳು ಎಲ್ಲಿದೆ ಎಂಬ ಲೆಕ್ಕ ಸಿಕ್ಕಿತು. ರಬ್ಬರಿಗೆ ಕೀಲೇ ಇಲ್ಲ. ಎಲ್ಲಿ ಬೇಕಾದರೂ ಬಾಗಬಹುದು, ಹಿಗ್ಗಬಹುದು, ತಿರುಚಿಕೊಳ್ಳಬಹುದು. ತನ್ನ ಬೆರಳು ಎಲ್ಲಿದೆ ಎಂದೇ ತಿಳಿಯದ ಯಂತ್ರ ಮೀನಿನ ಬಗ್ಗೆ ಏನು ಹೇಳೀತು?

ಹಾಗಾಗಿ ರಬ್ಬರಿನ ಎಳೆತವನ್ನೇ ಅಳೆಯಬೇಕು. ಒಂದು ಉಪಾಯ, ರಬ್ಬರಿನೊಳಗೆ ಕೂದಲಿನಂಥ ಸಣ್ಣ ಕಾಲುವೆ ಮಾಡಿ ದ್ರವ ಲೋಹ ತುಂಬುವುದು. ಪಾದರಸ ವಿಷ, ಆದ್ದರಿಂದ ಗ್ಯಾಲಿಯಂ ಬಳಸುತ್ತಾರೆ. ಅದು ಕರಗುವುದು 29.8 ಡಿಗ್ರಿ ಸೆಲ್ಸಿಯಸ್‌ಗೆ. ಮಂಗಳೂರಿನ ಮೇ ತಿಂಗಳ ಮಧ್ಯಾಹ್ನ ಮೇಜಿನ ಮೇಲಿಟ್ಟರೆ ಸಾಕು, ನೀರಾಗುತ್ತದೆ! ಸ್ವಲ್ಪ ಇಂಡಿಯಂ ಲೋಹ ಬೆರೆಸಿದರೆ 16 ಡಿಗ್ರಿಯ ಆಸುಪಾಸಿನಲ್ಲೇ ದ್ರವ. ಈಗ ರಬ್ಬರನ್ನು ಎರಡು ಪಟ್ಟು ಎಳೆಯಿರಿ. ಕಾಲುವೆಯ ಉದ್ದ ಎರಡು ಪಟ್ಟಾಗುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ. ವಿದ್ಯುತ್ ರೋಧ ನಾಲ್ಕು ಪಟ್ಟು ಏರುತ್ತದೆ. ರೋಧ ಅಳೆದರೆ ಎಳೆತದ ಲೆಕ್ಕ ಸಿಕ್ಕಿತು. ತಾಮ್ರದ ತಂತಿಯನ್ನು ಇಷ್ಟು ಎಳೆದರೆ ಎಂದೋ ತುಂಡಾಗಿರುತ್ತಿತ್ತು.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಟೈರಿಗೆ ಹಾಕುವ ಇಂಗಾಲದ ಮಸಿಯನ್ನೇ ರಬ್ಬರಿಗೆ ಬೆರೆಸುವುದು. ಎಳೆದಾಗ ಮಸಿಯ ಕಣಗಳು ದೂರವಾಗಿ ರೋಧ ಏರುತ್ತದೆ. ಆದರೆ ಇದರ ಮಾತು ಪೂರ್ತಿ ನಂಬುವ ಹಾಗಿಲ್ಲ. ಅದೇ ಉದ್ದಕ್ಕೆ ಎಳೆಯುವಾಗ ಒಂದು ಸಂಖ್ಯೆ, ಬಿಡುವಾಗ ಇನ್ನೊಂದು. ಸುಮ್ನೆ ಹಿಡಿದುಕೊಂಡೇ ಇದ್ದರೂ ಸಂಖ್ಯೆ ನಿಧಾನಕ್ಕೆ ಜಾರುತ್ತಿರುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಅಮೆರಿಕದ ಎಂಐಟಿಯವರು 2009ರಲ್ಲಿ ತೋರಿಸಿದ ಉಪಾಯ. ಪಾರದರ್ಶಕ ರಬ್ಬರಿನ ಹೊರಮೈಗೆ ಬಣ್ಣ ಬಳಿದು, ಒಳಗಡೆಯಿಂದ ಕ್ಯಾಮೆರಾ ಇಟ್ಟು ನೋಡುವುದು. ಏನನ್ನಾದರೂ ಒತ್ತಿದಾಗ ಬೀಳುವ ಅಚ್ಚನ್ನು ಕ್ಯಾಮೆರಾ ಓದುತ್ತದೆ. ನೋಟಿನ ಮೇಲಿನ ಉಬ್ಬು ಮುದ್ರಣವೂ ಕಾಣಿಸುತ್ತದೆ. ಮುಟ್ಟುವ ಕೆಲಸವನ್ನು ಕಣ್ಣಿಗೆ ವಹಿಸಿದ್ದು ಜಾಣತನ ಅಲ್ವಾ? ಆದರೆ ಕ್ಯಾಮೆರಾಗೆ ಜಾಗ ಬೇಕು. ಇಡೀ ಮೈಗೆ ಇದನ್ನು ಹೊದಿಸುವುದು ಕಷ್ಟ.

ಇಡೀ ಮೈಯಲ್ಲಿ ಸ್ಪರ್ಶ ಹೇಗಿರುತ್ತದೆಂದು ನೋಡಲು ಆಕ್ಟೋಪಸ್ಸೇ ಬೇಕು. ನಮ್ಮ ಟ್ರಾಲ್ ಬೋಟುಗಳ ಬಲೆಗೆ ಬೊಂಡಾಸ್ (ಸ್ಕ್ವಿಡ್) ಜೊತೆ ಇದೂ ಬೀಳುತ್ತದೆ. ಇದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡರಷ್ಟು ಇರುವುದು ತೋಳುಗಳಲ್ಲೇ. ಹೀಗಾಗಿ ಸಣ್ಣಪುಟ್ಟ ತೀರ್ಮಾನಕ್ಕೆಲ್ಲ ತೋಳು ಮಿದುಳನ್ನು ಕೇಳಬೇಕಾಗಿಲ್ಲ. ಅದರ ಹೀರುಬಟ್ಟಲುಗಳು ಮುಟ್ಟಿದ್ದರ ರುಚಿಯನ್ನೂ ನೋಡುತ್ತವೆ. ಅಲ್ಲಿ ರುಚಿ ಹಿಡಿಯುವ ಗ್ರಾಹಕ ಪ್ರೋಟೀನುಗಳನ್ನು ಹಾರ್ವರ್ಡ್ ವಿಜ್ಞಾನಿಗಳು 2020ರಲ್ಲಿ ಗುರುತಿಸಿದರು.

ಇದೇ ಹಾರ್ವರ್ಡ್‌ನಲ್ಲಿ 2016ರಲ್ಲಿ ‘ಆಕ್ಟೋಬಾಟ್’ ಎಂಬ ಮೆತ್ತನೆಯ ರೋಬೋ ತಯಾರಾಗಿತ್ತು. ಬ್ಯಾಟರಿ ಇಲ್ಲ, ತಂತಿ ಇಲ್ಲ, ಗಟ್ಟಿ ಭಾಗವೇ ಇಲ್ಲ. ಪ್ಲಾಟಿನಂ ತಗಲಿದಾಗ ಹೈಡ್ರೋಜನ್ ಪೆರಾಕ್ಸೈಡ್ ಒಡೆದು ಹೊಮ್ಮುವ ಅನಿಲವೇ ಅದರ ತೋಳುಗಳನ್ನು ಎತ್ತುತ್ತಿತ್ತು. ಹೆಸರೇನೋ ಆಕ್ಟೋಪಸ್‌ನದು, ಮುಟ್ಟಿದರೆ ಮಾತ್ರ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. 2018ರಲ್ಲಿ ಅಲ್ಲಿಯೇ ವಿದ್ಯುತ್ ಹರಿಸುವ ಶಾಯಿಯನ್ನು ರಬ್ಬರಿನೊಳಗೇ ಮುದ್ರಿಸಿ, ಬಾಗು, ಒತ್ತಡ, ಸ್ಪರ್ಶ, ಬಿಸಿ ನಾಲ್ಕನ್ನೂ ಅರಿಯುವ ಬೆರಳು ಮಾಡಿದರು. ಒಂದೇ ನಿಖರ ಸೆನ್ಸರ್ ಹುಡುಕುವುದಕ್ಕಿಂತ ಹೀಗೆ ಸಾಧಾರಣವಾದ ಹಲವನ್ನು ಹರಡಿ, ತಾಳೆ ನೋಡುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಡುವುದೇ ಸರಿ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಆದರೂ ಮೀನಿನ ಮುಳ್ಳು ತಾಗಿ ರಬ್ಬರ್ ಹರಿದರೆ ಸೆನ್ಸರ್ ಕೂಡ ಹೋದಂತೆಯೇ. ಆಕ್ಟೋಪಸ್ ಕಳೆದುಕೊಂಡ ತೋಳನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ರಬ್ಬರಿನ ಲೋಕದಲ್ಲಿ ಇದಕ್ಕೆ ತುಸು ಹತ್ತಿರ ಬಂದದ್ದು 2008ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ತಂಡ. ಅವರ ರಬ್ಬರನ್ನು ಕತ್ತರಿಸಿ, ತುಂಡುಗಳನ್ನು ಸೇರಿಸಿ ಹಿಡಿದರೆ, ಅಂಟು, ಬಿಸಿ ಏನೂ ಇಲ್ಲದೆ ಕೂಡಿಕೊಳ್ಳುತ್ತದೆ. ಆದರೆ ಕತ್ತರಿಸಿದ ಮೇಲೆ ಬೇಗನೆ ಸೇರಿಸಬೇಕು. ತುಂಡುಗಳನ್ನು ಬಹಳ ಹೊತ್ತು ಬಿಡಿಯಾಗಿ ಇಟ್ಟರೆ ಆ ಗುಣ ಹೊರಟುಹೋಗುತ್ತದೆ.