ಬಿಕ್ಕಳಿಕೆ: ನರದ ದಾರಿ ಹಿಡಿದು ಓದುವುದು

ಬಿಕ್ಕಳಿಕೆಯ ಕಾರಣಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ಪರೀಕ್ಷೆಯ ಹೊತ್ತಿಗೆ ಅರ್ಧ ಮರೆತಿರುತ್ತದೆ. ಇದೊಂದು ಪರಾವರ್ತಿತ ಕ್ರಿಯೆ. ಅದರ ಚಾಪವನ್ನು, ಅಂದರೆ ಸುದ್ದಿ ಹೋಗಿ ಆಜ್ಞೆ ಮರಳುವ ನರದ ದಾರಿಯನ್ನು, ಒಮ್ಮೆ ಕೈಯಾರೆ ಬರೆದುಕೊಳ್ಳಿ. ಕಾರಣ, ಮನೆಮದ್ದು, ಔಷಧ ಮೂರೂ ಅದರ ಮೇಲೆಯೇ ಬಂದು ಕೂರುತ್ತವೆ.

ಮೊದಲು ಆ 'ಹಿಕ್' ಸದ್ದು. ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಇದ್ದಕ್ಕಿದ್ದಂತೆ ಸಂಕುಚಿಸಿ ಗಾಳಿಯನ್ನು ಒಳಗೆಳೆಯುತ್ತವೆ. ಸುಮಾರು 35 ಮಿಲಿಸೆಕೆಂಡಿನಲ್ಲಿ ಧ್ವನಿಪೆಟ್ಟಿಗೆಯ ಬಾಯಿ, ಅಂದರೆ ಗ್ಲಾಟಿಸ್, ಪಟ್ಟನೆ ಮುಚ್ಚಿಕೊಳ್ಳುತ್ತದೆ. ನುಗ್ಗುತ್ತಿದ್ದ ಗಾಳಿ ಅಲ್ಲಿಯೇ ತಡೆದು ನಿಂತಾಗ ಹುಟ್ಟುವ ಸದ್ದು ಅದು. 'ವಪೆಯ ಸೆಳೆತ' ಎಂದಷ್ಟೇ ಬರೆದರೆ ಉತ್ತರ ಅರೆಬರೆ.

ಸುದ್ದಿ ಒಳಗೆ ಹೋಗುವುದು ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಮತ್ತು ವಪೆಯ ಫ್ರೆನಿಕ್ ನರಗಳಿಂದ, ಜೊತೆಗೆ ಎದೆಭಾಗದ ಅನುವೇದನಾ (ಸಿಂಪಥೆಟಿಕ್) ನರಗಳಿಂದ. ಕೇಂದ್ರ ಇರುವುದು ಮಿದುಳುಕಾಂಡದಲ್ಲಿ. ಆಜ್ಞೆ ವಪೆಗೆ ಮರಳುವುದು ಫ್ರೆನಿಕ್ ನರದ ಮೂಲಕ. ಕುತ್ತಿಗೆಯ 3, 4, 5ನೇ ಬೆನ್ನುಹುರಿ ನರಗಳು ಅದರ ಮೂಲ. ಈಗ ಕಾರಣಗಳನ್ನು ಇದರ ಮೇಲೆ ಇಡಿ. ಗಬಗಬನೆ ಉಂಡು, ಮೇಲೆ ಸೋಡಾ ಕುಡಿದು ಹೊಟ್ಟೆ ಉಬ್ಬಿದರೆ ವೇಗಸ್ ಕೆರಳುತ್ತದೆ. ಎದೆಯೊಳಗಿನ ಗೆಡ್ಡೆ ಫ್ರೆನಿಕ್ ನರವನ್ನು ಒತ್ತಬಹುದು. ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದ ಪಾರ್ಶ್ವಭಾಗಕ್ಕೆ ರಕ್ತದ ಹರಿವು ನಿಂತರೆ ಕೇಂದ್ರವೇ ಹದಗೆಡುತ್ತದೆ.

ಮನೆಮದ್ದುಗಳನ್ನು ಹಗುರವಾಗಿ ಕಾಣಬೇಡಿ. ಉಸಿರು ಬಿಗಿಹಿಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಬಿಕ್ಕಳಿಕೆ ತಗ್ಗುತ್ತದೆ. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಒಂದು ಚಮಚ ಸಕ್ಕರೆಯನ್ನು ಹಾಗೆಯೇ ನುಂಗುವುದು ಗಂಟಲಿನ ನರಗಳನ್ನು ತಟ್ಟುತ್ತವೆ. 'ಯಾರೋ ನೆನೆಸಿಕೊಳ್ಳುತ್ತಿದ್ದಾರೆ' ಎನ್ನುತ್ತ ಹಿರಿಯರು ಒಬ್ಬೊಬ್ಬರ ಹೆಸರು ಹೇಳುವಷ್ಟರಲ್ಲಿ ಸಾಮಾನ್ಯ ಬಿಕ್ಕಳಿಕೆ ತಾನಾಗಿಯೇ ನಿಂತಿರುತ್ತದೆ. ಕಣ್ಣುಗುಡ್ಡೆ ಒತ್ತುವ ಉಪಾಯವನ್ನು ಮಾತ್ರ ಯಾರಿಗೂ ಹೇಳಿಕೊಡಬೇಡಿ. ಕಣ್ಣಿಗೂ ಹೃದಯಕ್ಕೂ ಅಪಾಯ.

48 ಗಂಟೆ ಮೀರಿದರೆ ಅದು ದೀರ್ಘ ಬಿಕ್ಕಳಿಕೆ, ತಿಂಗಳು ಮೀರಿದರೆ ಹಟಮಾರಿ ಬಿಕ್ಕಳಿಕೆ. ಅಮೆರಿಕದ ಚಾರ್ಲ್ಸ್ ಆಸ್ಬಾರ್ನ್ 1922ರಿಂದ 1990ರವರೆಗೆ ಬಿಕ್ಕಳಿಸಿದರು. ಇಂಥವರಿಗೆ ಊಟ, ನಿದ್ದೆ, ಮಾತು ಎಲ್ಲವೂ ಕಷ್ಟ. ಕ್ಲೋರ್‌ಪ್ರೊಮಜೀನ್ ಹಳೆಯ ಔಷಧ, ಆದರೆ ರಕ್ತದೊತ್ತಡ ಇಳಿಸುತ್ತದೆ. ಬ್ಯಾಕ್ಲೋಫೆನ್ ಕೂಡ ಬಳಕೆಯಲ್ಲಿದೆ. ಇಲ್ಲೊಂದು ಸಿಕ್ಕು: ಮೂತ್ರಪಿಂಡ ಸೋತವರಿಗೆ ಬಿಕ್ಕಳಿಕೆ ಬರುವುದು ಹೆಚ್ಚು, ಬ್ಯಾಕ್ಲೋಫೆನ್ ಹೊರಹೋಗುವುದೂ ಮುಖ್ಯವಾಗಿ ಮೂತ್ರಪಿಂಡದಿಂದಲೇ. ಅವರಲ್ಲಿ ಅದು ದೇಹದಲ್ಲಿ ಉಳಿದು ಮಂಪರು, ಗೊಂದಲ ತರುತ್ತದೆ. ಆದ್ದರಿಂದ ಆ ಮಾತ್ರೆಯ ಮಾತು ಬಂದಾಗ ಮೊದಲು ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ವರದಿ ನೋಡಿ.