ಗೋಲಿಗೂ ಗ್ಯಾಲರಿಗೂ ನಡುವೆ 36 ಮೀಟರ್

ಅಕ್ಕನ ಮಗನನ್ನು ಮೊದಲ ಬಾರಿಗೆ ಕಂಠೀರವ ಕ್ರೀಡಾಂಗಣಕ್ಕೆ ಕರೆದೊಯ್ದಾಗ ಅವನಿಗೆ ಹನ್ನೊಂದು ವರ್ಷ. ಗೋಲಿನ ಹಿಂಬದಿಯ ಗ್ಯಾಲರಿಯಲ್ಲಿ, ಕೆಳಗಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಎದುರು ತುದಿಯಲ್ಲಿ ಗೋಲಾದಾಗ ಪಕ್ಕದವರು ಎದ್ದು ಕುಣಿಯತೊಡಗಿದ ಮೇಲೆಯೇ ಅವನಿಗೆ ವಿಷಯ ತಿಳಿದದ್ದು. 'ಮಾಮಾ, ಚೆಂಡು ಒಳಗೆ ಹೋದದ್ದು ನಿಮಗೆ ಕಾಣಿಸಿತೇ?' ಎಂದು ಕೇಳಿದ. ನನಗೂ ಕಾಣಿಸಿರಲಿಲ್ಲ. ಗ್ಯಾಲರಿಗಳ ವಿನ್ಯಾಸವೇ ನನ್ನ ವೃತ್ತಿ. ಹಾಗಾಗಿ ಏಕೆ ಕಾಣಿಸಲಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಓಟದ ಟ್ರ್ಯಾಕ್ ಇರುವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನೋಡಿದವರು 'ಆಟ ಎಲ್ಲೋ ದೂರದಲ್ಲಿ ನಡೆಯುತ್ತದೆ' ಎಂದು ದೂರುವುದನ್ನು ಅನೇಕ ಅಧಿಕಾರಿಗಳು ಅಭಿಮಾನಿಗಳ ಭಾವಾವೇಶವೆಂದು ತಳ್ಳಿಹಾಕುತ್ತಾರೆ. ಅಳತೆಪಟ್ಟಿ ಹಿಡಿದರೆ ಆ ದೂರು ಸೆಂಟಿಮೀಟರಿನಷ್ಟೂ ತಪ್ಪಿಲ್ಲ. ಪ್ರಮಾಣಿತ 400 ಮೀಟರ್ ಟ್ರ್ಯಾಕ್‌ನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅಂದರೆ ಒಳಗಿನ ಹುಲ್ಲಿನ ಉದ್ದ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 157 ಮೀಟರ್. ಫುಟ್‌ಬಾಲ್ ಅಂಕಣಕ್ಕೆ ಬೇಕಾದದ್ದು 105 ಮೀಟರ್. ಉಳಿದದ್ದನ್ನು ಎರಡು ಪಾಲು ಮಾಡಿದರೆ ಪ್ರತಿ ಗೋಲಿನ ಹಿಂದೆ 26 ಮೀಟರ್ ಬರಿದೇ ಬಿದ್ದಿರುತ್ತದೆ. ಅದರ ಮೇಲೆ 1.22 ಮೀಟರ್ ಅಗಲದ ಎಂಟು ಲೇನ್‌ಗಳನ್ನು ಸೇರಿಸಿ: 36 ಮೀಟರ್. ಅದಾದ ಮೇಲೆ ಬೇಲಿ, ಅದರಾಚೆ ಮೊದಲ ಸಾಲು. ಫುಟ್‌ಬಾಲ್‌ಗೆಂದೇ ಕಟ್ಟಿದ ಕ್ರೀಡಾಂಗಣದಲ್ಲಿ ಇದೇ ಅಂತರ ಎಂಟು ಮೀಟರಿನ ಆಸುಪಾಸು.

ಅಗಲದಲ್ಲಿ ಕಥೆ ಬೇರೆ. ಅಂಕಣದ ನಾಲ್ಕು ಮೂಲೆಗಳು ತಿರುವಿನೊಳಕ್ಕೆ ಚಾಚಿಕೊಳ್ಳುತ್ತವೆ. ಲೆಕ್ಕ ಹಾಕಿದರೆ ಕಾರ್ನರ್ ಧ್ವಜಕ್ಕೂ ಟ್ರ್ಯಾಕ್‌ನ ಅಂಚಿಗೂ ನಡುವೆ ಉಳಿಯುವುದು ಸುಮಾರು ಒಂದು ಮೀಟರ್. ಕಾರ್ನರ್ ಕಿಕ್ ಹೊಡೆಯುವವನು ಓಡಿ ಬರಬೇಕಾದರೆ ಟ್ರ್ಯಾಕ್ ಮೇಲೆ ನಿಲ್ಲಬೇಕು. ಅದಕ್ಕಾಗಿ ಆ ಮೂಲೆಗಳಲ್ಲಿ ಕೃತಕ ಹುಲ್ಲಿನ ಚಾಪೆ ಹಾಸುವುದನ್ನು ನೀವು ನೋಡಿರಬಹುದು. ಹೀಗೆ ಆಟಗಾರನಿಗೆ ಜಾಗ ಕಡಿಮೆ, ನೋಡುವವನಿಗೆ ಅತಿಯಾಯಿತು.

ಮುಂದಿನ ಸಾಲಿನವರ ತಲೆ ಅಡ್ಡ ಬಂದು ಕಾಣುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಕಾರಣವಲ್ಲ. ಹೊರಗಿನ ಲೇನ್ ಕಾಣಲೆಂದು ಮೆಟ್ಟಿಲುಗಳನ್ನು ಸರಿಯಾಗಿ ಎತ್ತರಿಸಿದ್ದರೆ, ಇನ್ನೂ ಆಚೆಗಿರುವ ಫುಟ್‌ಬಾಲ್ ಗೆರೆಗೆ ತಲೆಗಳ ತೊಂದರೆ ಇನ್ನಷ್ಟು ಕಡಿಮೆಯೇ. ತೊಂದರೆ ಇರುವುದು ನೋಟದ ಕೋನದಲ್ಲಿ. ನಿಮ್ಮ ಕಣ್ಣು ಅಂಕಣಕ್ಕಿಂತ ಎರಡು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಗೋಲ್ ಗೆರೆ ಎಂಟು ಮೀಟರ್ ದೂರದಲ್ಲಿದ್ದರೆ ನೀವು ಅದನ್ನು 14 ಡಿಗ್ರಿ ಕೋನದಲ್ಲಿ ಕೆಳಗೆ ನೋಡುತ್ತೀರಿ. 40 ಮೀಟರ್ ದೂರದಲ್ಲಿದ್ದರೆ ಕೋನ ಮೂರು ಡಿಗ್ರಿಗಿಂತಲೂ ಕಡಿಮೆ. ಆಗ ಅಂಕಣ ತೆಳ್ಳಗಿನ ಹಸಿರು ಪಟ್ಟಿಯಂತೆ ಮಡಚಿಕೊಳ್ಳುತ್ತದೆ. ಡಿಫೆಂಡರ್ ಮುಂದಿದ್ದಾನೋ ಸ್ಟ್ರೈಕರ್ ಮುಂದಿದ್ದಾನೋ, ಪಾಸ್ ಐದು ಮೀಟರ್ ಹೋಯಿತೋ ಹದಿನೈದು ಹೋಯಿತೋ ಅಳೆಯಲು ಕಣ್ಣಿಗೆ ಆಧಾರವೇ ಸಿಗುವುದಿಲ್ಲ. ಅಕ್ಕನ ಮಗನ ಕಣ್ಣು ಸರಿಯಾಗಿಯೇ ಇತ್ತು.

ಧ್ವನಿಯದೂ ಹೀಗೆಯೇ. ದೂರ ದುಪ್ಪಟ್ಟಾದರೆ ಒಬ್ಬನ ಕೂಗು ಆರು ಡೆಸಿಬೆಲ್ ಇಳಿಯುತ್ತದೆ. ಎಂಟು ಮೀಟರ್ ನಲವತ್ತಾದರೆ ಇಳಿಕೆ ಸುಮಾರು ಹದಿನಾಲ್ಕು. ಗುಂಪಿನ ಕೂಗು ಅಷ್ಟು ಬೇಗ ಸೋರುವುದಿಲ್ಲ, ಆದರೂ ಗೋಲ್‌ಕೀಪರ್‌ನ ಬೆನ್ನಿಗೆ ತಾಗಬೇಕಾದ ಗದ್ದಲ ದಾರಿಯಲ್ಲೇ ಕರಗುತ್ತದೆ. ಇದನ್ನು ಅನುಭವದಿಂದ ಬಲ್ಲವರು ಬೆಂಗಳೂರು ಎಫ್‌ಸಿಯ ಹಳೆಯ ಅಭಿಮಾನಿಗಳು. 2013ರಲ್ಲಿ ಹುಟ್ಟಿದ ಆ ತಂಡ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿತು. ಟ್ರ್ಯಾಕ್ ಇಲ್ಲದ, ಚಿಕ್ಕ, ಅಂಕಣಕ್ಕೆ ಅಂಟಿಕೊಂಡ ಗ್ಯಾಲರಿಗಳ ಕ್ರೀಡಾಂಗಣ. ಅದೇ ಋತುವಿನಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗದ ಹೆಸರು ಬಂದದ್ದೂ ಅಲ್ಲಿನ ಪಶ್ಚಿಮ ಗ್ಯಾಲರಿಯಿಂದಲೇ. 2014ರಲ್ಲಿ ತಂಡ ಕಂಠೀರವಕ್ಕೆ ಬಂತು. ಆಸನಗಳು ಹೆಚ್ಚಿದವು, ಅಂತರವೂ ಹೆಚ್ಚಿತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ ಅಲ್ಲಿ ಎದ್ದ ಸದ್ದನ್ನು ಯಾರೂ ಮರೆತಿಲ್ಲ. ಟ್ರ್ಯಾಕ್ ದಾಟಿಯೂ ಅಷ್ಟು ಕೇಳಿಸಿತೆಂದರೆ, ಎಂಟು ಮೀಟರ್‌ನಲ್ಲಿ ಅದು ಹೇಗಿರುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇಂಥ ಕ್ರೀಡಾಂಗಣಗಳು ಏಕೆ ಹುಟ್ಟುತ್ತವೆ? ದೊಡ್ಡ ಕ್ರೀಡಾಕೂಟ ಬಂದಾಗ ದುಡ್ಡು ಬರುತ್ತದೆ, ಕೂಟಕ್ಕೆ ಟ್ರ್ಯಾಕ್ ಬೇಕು, ನಡುವೆ ಹುಲ್ಲು ಹೇಗೂ ಇರುತ್ತದೆ. ದೆಹಲಿಯ ನೆಹರೂ ಕ್ರೀಡಾಂಗಣ 1982ರ ಏಷ್ಯನ್ ಕ್ರೀಡಾಕೂಟದ ಕೂಸು, ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟದ್ದು. ಜಿಲ್ಲಾ ಕ್ರೀಡಾಂಗಣವೊಂದರ ನಕ್ಷೆ ಮಾಡುವಾಗ ನನಗೂ 'ನಡುವೆ ಫುಟ್‌ಬಾಲ್ ಅಂಕಣ ಕೂರಿಸಿಬಿಡಿ, ಜಾಗ ಇದೆಯಲ್ಲ' ಎಂಬ ಸೂಚನೆ ಬಂದಿತ್ತು. ಕೂರಿಸಿದೆ. ಅಂದು ಗಟ್ಟಿಯಾಗಿ ವಾದಿಸಬೇಕಿತ್ತು ಎಂಬ ಕೊರಗು ಇಂದಿಗೂ ಇದೆ.

ಯುರೋಪಿನವರು ಈ ತಪ್ಪಿಗೆ ದುಬಾರಿ ಬೆಲೆ ತೆತ್ತಿದ್ದಾರೆ. ಟ್ಯೂರಿನ್‌ನಲ್ಲಿ 1990ರ ವಿಶ್ವಕಪ್‌ಗಾಗಿ ಕಟ್ಟಿದ ಡೆಲ್ಲೆ ಆಲ್ಪಿಯಲ್ಲಿ ಸುಮಾರು 69,000 ಆಸನ ಹಾಗೂ ಟ್ರ್ಯಾಕ್ ಇದ್ದವು. ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. ಅಲ್ಲಿನ ತಂಡ ಯುವೆಂಟಸ್‌ನ ಒಂದು ಕಪ್ ಪಂದ್ಯಕ್ಕೆ ಬಂದವರು ಬರೀ 237 ಮಂದಿ. ಇಪ್ಪತ್ತು ವರ್ಷ ತುಂಬುವ ಮೊದಲೇ ಅದನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಸುಮಾರು 41,000 ಆಸನಗಳ ಹೊಸದನ್ನು ತೆರೆದರು. ಅಲ್ಲಿ ಗ್ಯಾಲರಿಗೂ ಅಂಕಣಕ್ಕೂ ಇರುವ ಅಂತರ ಏಳೂವರೆ ಮೀಟರ್.

ಮ್ಯಾಂಚೆಸ್ಟರ್‌ನವರು ಇನ್ನೂ ಜಾಣರು. 2002ರ ಕಾಮನ್‌ವೆಲ್ತ್ ಕೂಟಕ್ಕೆ ಕಟ್ಟುವಾಗಲೇ ಮುಂದೆ ಅದು ಫುಟ್‌ಬಾಲ್‌ಗೆ ಎಂದು ನಿರ್ಧರಿಸಿದ್ದರು. ಕೂಟ ಮುಗಿಯುತ್ತಲೇ ಟ್ರ್ಯಾಕ್ ಕಿತ್ತು, ನೆಲವನ್ನು ಇನ್ನಷ್ಟು ಕೆಳಕ್ಕೆ ಅಗೆದು, ಹೊಸ ಕೆಳ ಗ್ಯಾಲರಿ ಕಟ್ಟಿದರು. ಲಂಡನ್ ಇದನ್ನು ಕಣ್ಣೆದುರಿಗಿಟ್ಟುಕೊಂಡೂ ಕಲಿಯಲಿಲ್ಲ. 2012ರ ಒಲಿಂಪಿಕ್ ಕ್ರೀಡಾಂಗಣವನ್ನು ಕೂಟದ ನಂತರ 25,000 ಆಸನಗಳ ಅಥ್ಲೆಟಿಕ್ಸ್ ತಾಣವಾಗಿ ಇಳಿಸುವ ಯೋಚನೆಯಲ್ಲಿ ಕಟ್ಟಿ, ಆಮೇಲೆ ಮನಸ್ಸು ಬದಲಿಸಿ ವೆಸ್ಟ್ ಹ್ಯಾಮ್ ತಂಡಕ್ಕೆ ಒಗ್ಗಿಸಲು ಹೊರಟರು. ಆ ಮಾರ್ಪಾಡಿಗೆ ತಗುಲಿದ್ದು 32.3 ಕೋಟಿ ಪೌಂಡ್. ಜರುಗಿಸಬಹುದಾದ ಆಸನಗಳನ್ನು ಹಾಕಿದರೂ ಕೆಳ ಗ್ಯಾಲರಿ, ಮೇಲಿನ ಗ್ಯಾಲರಿಗಳ ನಡುವೆ ಕಂದಕ ಉಳಿಯಿತು. ಶತಮಾನಕ್ಕೂ ಹೆಚ್ಚು ಕಾಲ ತಂಡದ ಹಳೆಯ ನೆಲೆಯಾದ ಅಪ್ಟನ್ ಪಾರ್ಕ್‌ನಲ್ಲಿ ಆಟಗಾರರ ಉಸಿರು ಕೇಳುವಷ್ಟು ಹತ್ತಿರ ಕುಳಿತಿದ್ದ ಕುಟುಂಬಗಳನ್ನು 2016ರಲ್ಲಿ ಅಲ್ಲಿಗೆ ಕರೆತಂದರು. 2018ರ ಮಾರ್ಚ್‌ನಲ್ಲಿ ಬರ್ನ್ಲಿ ಎದುರಿನ ಪಂದ್ಯದಲ್ಲಿ ಕೆಲವರು ಅಂಕಣಕ್ಕೇ ನುಗ್ಗಿದರು. ನುಗ್ಗಿದ್ದು ತಪ್ಪು. ಆ ಸಿಟ್ಟಿನ ಹಿಂದಿದ್ದ ನೋವು ನನಗೆ ಅರ್ಥವಾಗುತ್ತದೆ.

ಇಷ್ಟು ಹೇಳಿದ ಮೇಲೆ 'ಹಾಗಾದರೆ ಕಂಠೀರವದ ಟ್ರ್ಯಾಕ್ ಕೀಳಿ' ಎನ್ನುವವರಿದ್ದಾರೆ. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ಓಟಗಾರರಿಗೆಂದು ಕಟ್ಟಿದ ಜಾಗ. ಪಂದ್ಯದ ದಿನಗಳಲ್ಲಿ ಅಭ್ಯಾಸಕ್ಕೆ ಟ್ರ್ಯಾಕ್ ಸಿಗದೆ ಒದ್ದಾಡಿದವರು ಅಥ್ಲೀಟ್‌ಗಳು. ಅವರ ದೂರು ಹೈಕೋರ್ಟ್‌ವರೆಗೂ ಹೋಯಿತು. ಹ್ಯಾಮರ್, ಜಾವೆಲಿನ್ ಬೀಳಬೇಕಾದದ್ದೂ ಫುಟ್‌ಬಾಲ್ ಆಡುವ ಅದೇ ಹುಲ್ಲಿನ ಮೇಲೆ. ಹ್ಯಾಮರ್ ಬಿದ್ದರೆ ಹುಲ್ಲಿನಲ್ಲಿ ಗುಂಡಿ, ಗುಂಡಿಯಾದರೆ ಫುಟ್‌ಬಾಲ್ ಆಟಗಾರನ ಕಾಲಿಗೆ ಅಪಾಯ. 2025ರ ಜುಲೈ 5ರಂದು ಇದೇ ಅಂಗಳದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ, ಫುಟ್‌ಬಾಲ್ ಅಭಿಮಾನಿಗಳಿಗೆ ಅತಿ ದೊಡ್ಡದೆನಿಸುವ ಆ ಬಯಲು ಜಾವೆಲಿನ್‌ಗೆ ಎಷ್ಟು ಹದವಾಗಿದೆ ಎಂಬುದು ಎಲ್ಲರಿಗೂ ಕಂಡಿತು.

ಹಾಗಾಗಿ ಬೆಂಗಳೂರಿಗೆ ಬೇಕಾಗಿರುವುದು ಚಿಕ್ಕದಾದ, ಫುಟ್‌ಬಾಲ್‌ಗೆ ಮಾತ್ರ ಮೀಸಲಾದ ಇನ್ನೊಂದು ಕ್ರೀಡಾಂಗಣ. ಇದನ್ನು ಹೇಳಿದಾಗಲೆಲ್ಲ ಜಾಗ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಲೆಕ್ಕ ಕೊಡುತ್ತೇನೆ. ಅಂಕಣದ ಸುತ್ತ ಎಂಟು ಮೀಟರ್ ಬಿಟ್ಟು ಮೊದಲ ಸಾಲು ಹಾಕಿದರೆ ಆ ಸಾಲಿನ ಸುತ್ತಳತೆ 410 ಮೀಟರ್. ಒಬ್ಬರಿಗೆ ಅರ್ಧ ಮೀಟರ್‌ನಂತೆ ಒಂದು ಸಾಲಿಗೆ 820 ಆಸನ. ಹದಿನೈದು ಸಾಲು ಏರಿಸಿ, ಓಡಾಟದ ದಾರಿ, ದ್ವಾರಗಳಿಗೆ ಜಾಗ ಕಳೆದರೂ ಹತ್ತು ಸಾವಿರ ಜನ ಕೂರಬಹುದು. ಶೌಚಾಲಯ, ತಿಂಡಿ ಅಂಗಡಿಗಳು ಗ್ಯಾಲರಿಯ ಕೆಳಗೇ ಬರುತ್ತವೆ. ಗ್ಯಾಲರಿಯ ಹೊರ ಅಂಚಿನವರೆಗೆ ಒಟ್ಟು 145 ಮೀಟರ್ ಉದ್ದ, 108 ಮೀಟರ್ ಅಗಲ. ಹತ್ತಿರಹತ್ತಿರ ನಾಲ್ಕು ಎಕರೆ. ಒಂದೇ ಒಂದು ಆಸನವಿಲ್ಲದ ಎಂಟು ಲೇನ್‌ಗಳ ಬರೀ ಟ್ರ್ಯಾಕ್ ಹಾಸಲು ಬೇಕಾಗುವುದು 177 ಮೀಟರ್ ಉದ್ದ, 92.5 ಮೀಟರ್ ಅಗಲ. ಅದೂ ನಾಲ್ಕು ಎಕರೆಯೇ.