ಬಿಳಿಚೆಂಡು ಎಲ್ಲಿಗೆ ಹೋಗುತ್ತಿದೆ? ಪೂಲ್ ಕಾಮೆಂಟರಿ ಬೆಳೆದು ಬಂದ ದಾರಿ

ನೈನ್-ಬಾಲ್ ಪೂಲ್ ಪಂದ್ಯವನ್ನು ಮೊದಲ ಸಲ ಟಿ.ವಿ.ಯಲ್ಲಿ ನೋಡುವವರಿಗೆ ಆಟ ತೀರಾ ಸುಲಭ ಅನ್ನಿಸುತ್ತದೆ. ಆಟಗಾರ ಬಗ್ಗುತ್ತಾನೆ, ಹೊಡೆಯುತ್ತಾನೆ, ಚೆಂಡು ಪಾಕೆಟ್‌ಗೆ ಬೀಳುತ್ತದೆ. ಮುಂದಿನದೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಸ್ವಲ್ಪ ಹೊತ್ತಿಗೆ ಚಾನೆಲ್ ಬದಲಾಗುತ್ತದೆ. ಇದರಲ್ಲಿ ನೋಡುಗರ ತಪ್ಪೇನೂ ಇಲ್ಲ. ಆಟಗಾರ ಕೋಲಿನಿಂದ ಹೊಡೆಯುವುದು ಬಿಳಿಚೆಂಡನ್ನು, ಅದು ತಾಗಿ ಉಳಿದ ಚೆಂಡುಗಳು ಪಾಕೆಟ್‌ಗೆ ಬೀಳುತ್ತವೆ. ಆಟದ ಕಷ್ಟವೆಲ್ಲ ಇರುವುದು ಹೊಡೆತ ಮುಗಿದ ಮೇಲೆ ಆ ಬಿಳಿಚೆಂಡು ಹೋಗಿ ನಿಲ್ಲುವ ಜಾಗದಲ್ಲಿ. ಅದು ಸರಿಯಾದ ಕಡೆ ನಿಂತಿದ್ದಕ್ಕೇ ಮುಂದಿನ ಹೊಡೆತ ಸುಲಭವಾಗಿ ಕಂಡದ್ದು. ಚೆನ್ನಾಗಿ ಆಡಿದಷ್ಟೂ ಸಪ್ಪೆಯಾಗಿ ಕಾಣುವ ಆಟವಿದು. ಯಾರಾದರೂ ಬಾಯಿಬಿಟ್ಟು ಹೇಳದ ಹೊರತು ಹೊಸಬರಿಗೆ ಇದು ಹೊಳೆಯುವುದಿಲ್ಲ. ಅದನ್ನು ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಕಲಿಯಲು ಟಿ.ವಿ.ಗೆ ದಶಕಗಳೇ ಹಿಡಿದವು.

ಮೊದಲು ಕಲಿತದ್ದು ಸ್ನೂಕರ್‌ನವರು, ಅದೂ ಲಂಡನ್ನಿನಲ್ಲಿ. 1954ರಲ್ಲಿ ಬಿಬಿಸಿಯ ಕಾಮೆಂಟೇಟರ್ ರೇಮಂಡ್ ಗ್ಲೆಂಡೆನಿಂಗ್ ಅವರ ಗಂಟಲು ಕೆಟ್ಟಾಗ ಲೆಸ್ಟರ್ ಸ್ಕ್ವೇರ್ ಹಾಲ್‌ನ ಮ್ಯಾನೇಜರ್ ಆಗಿದ್ದ ಟೆಡ್ ಲೋ ಮೈಕ್ ಹಿಡಿದರು. ಕಾಮೆಂಟರಿಗೆಂದು ಬೇರೆ ಕೋಣೆ ಇರಲಿಲ್ಲ. ಪ್ರೇಕ್ಷಕರ ನಡುವೆಯೇ ಕೂತು, ಆಟಗಾರನ ಕಿವಿಗೆ ಬೀಳದಂತೆ ಮಾತಾಡಬೇಕಿತ್ತು. ಹಾಗಾಗಿ ಪಿಸುದನಿ. ಅನಿವಾರ್ಯವಾಗಿ ಬಂದ ಆ ದನಿಯೇ ಮುಂದೆ ಈ ಆಟದ ಗುರುತಾಯಿತು, ಲೋ ಅವರಿಗೆ ‘ವಿಸ್ಪರಿಂಗ್ ಟೆಡ್’ ಎಂಬ ಹೆಸರೂ ಬಂತು.

1969ರಲ್ಲಿ ಬಿಬಿಸಿ-2 ‘ಪಾಟ್ ಬ್ಲ್ಯಾಕ್’ ಶುರು ಮಾಡಿತು. ಬಣ್ಣದ ಟಿ.ವಿ. ಆಗಷ್ಟೇ ಬಂದಿತ್ತು, ಬಣ್ಣ ತೋರಿಸಲು ಸ್ನೂಕರ್‌ಗಿಂತ ಒಳ್ಳೆಯ ಆಟ ಸಿಗುವಂತಿರಲಿಲ್ಲ. ಒಂದು ಪಂದ್ಯಕ್ಕೆ ಒಂದೇ ಫ್ರೇಮ್, ಅಂದರೆ ಒಂದೇ ಸುತ್ತಿನ ಆಟ. ಆದರೆ ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಇನ್ನೂ ಕಪ್ಪು-ಬಿಳುಪು ಸೆಟ್ಟುಗಳೇ ಇದ್ದವು. ಅವರಿಗೆ ಯಾವ ಚೆಂಡು ಯಾವುದೆಂದು ಬಾಯಲ್ಲೇ ಹೇಳಬೇಕು. ಮೇಜಿನ ಮೇಲೆ ಏನು ಎಲ್ಲಿದೆ ಎಂಬುದನ್ನು ಚುಟುಕಾಗಿ, ತಪ್ಪಿಲ್ಲದೆ ಹೇಳುವ ಅಭ್ಯಾಸ ಬೆಳೆದದ್ದು ಹೀಗೆ.

ಅದರ ಫಲ ಸಿಕ್ಕಿದ್ದು 1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ. ಸ್ಟೀವ್ ಡೇವಿಸ್ ಮತ್ತು ಡೆನಿಸ್ ಟೇಲರ್ 17-17ರಲ್ಲಿ ಸಮ. ಕೊನೆಯ ಫ್ರೇಮ್ 68 ನಿಮಿಷ ಎಳೆಯಿತು, ಅದರಲ್ಲಿ ಹೆಚ್ಚಿನ ಹೊತ್ತು ಎದುರಾಳಿಗೆ ಅವಕಾಶ ಕೊಡದಂತೆ ಚೆಂಡನ್ನು ಬಚ್ಚಿಡುವ ಸೇಫ್ಟಿ ಆಟ. ಗಂಟೆ ರಾತ್ರಿ ಹನ್ನೆರಡು ದಾಟಿತ್ತು. ಆದರೂ 1 ಕೋಟಿ 85 ಲಕ್ಷ ಜನ ಟಿ.ವಿ. ಮುಂದೆ ಕೂತಿದ್ದರು. ಸ್ನೂಕರ್ ಗೊತ್ತಿಲ್ಲದವರೂ ಎದ್ದು ಹೋಗದ್ದಕ್ಕೆ ದೊಡ್ಡ ಕಾರಣ ಅಲ್ಲಿದ್ದ ಸರಳ ಲೆಕ್ಕ. ಡೇವಿಸ್ 62, ಟೇಲರ್ 44. ಮೇಜಿನ ಮೇಲೆ ಉಳಿದದ್ದು ನಾಲ್ಕು ಚೆಂಡು: ಕಂದು 4, ನೀಲಿ 5, ಗುಲಾಬಿ 6, ಕಪ್ಪು 7, ಒಟ್ಟು 22 ಅಂಕ. ಟೇಲರ್‌ಗೆ ನಾಲ್ಕೂ ಬೇಕು, ಒಂದನ್ನೂ ಬಿಡುವಂತಿಲ್ಲ. ಮೂರು ಬಿದ್ದ ಮೇಲೆ 62-59, ಉಳಿದದ್ದು ಕಪ್ಪು ಒಂದೇ. ಈ ಲೆಕ್ಕ ತಲೆಗೆ ಹೋದವರಿಗೆ ನಿಯಮ ಪುಸ್ತಕ ಬೇಕಿಲ್ಲ. ಡೇವಿಸ್ ಆ ಕಪ್ಪನ್ನು ತಪ್ಪಿಸಿದಾಗ ಲೋ ಬಾಯಿಂದ ಬಂದದ್ದು ‘ನೋ!’ ಎಂಬ ಉದ್ಗಾರ. ಮೂವತ್ತು ವರ್ಷ ಪಿಸುಗುಟ್ಟಿದ ದನಿ ಅಲ್ಲಿ ಏರಿದ್ದಕ್ಕೇ ಆ ಕ್ಷಣಕ್ಕೆ ಅಷ್ಟು ತೂಕ ಬಂತು. ಪ್ರತಿ ಹೊಡೆತಕ್ಕೂ ಕೂಗುವವರಿಗೆ ಈ ಸೌಲಭ್ಯ ಇರುವುದಿಲ್ಲ.

ಅಮೆರಿಕದ ಪೂಲ್ ಬೇರೆ ದಾರಿ ಹಿಡಿಯಿತು. 1978ರ ಫೆಬ್ರವರಿಯಲ್ಲಿ ಎಬಿಸಿ ಚಾನೆಲ್ ವಿಲ್ಲಿ ಮೊಸ್ಕೊನಿ ಮತ್ತು ಮಿನೆಸೋಟಾ ಫ್ಯಾಟ್ಸ್ ನಡುವಿನ ಪಂದ್ಯ ತೋರಿಸಿತು. ಕಾಮೆಂಟರಿಗೆ ಕೂತವರು ಬಾಕ್ಸಿಂಗ್ ಕಾಮೆಂಟರಿಯಿಂದ ಹೆಸರಾಗಿದ್ದ ಹೊವರ್ಡ್ ಕೊಸೆಲ್. ಮೊಸ್ಕೊನಿ ಒಂದೇ ಸರದಿಯಲ್ಲಿ 526 ಚೆಂಡು ಹಾಕಿದ್ದ ದಾಖಲೆಯ ಆಟಗಾರ, ಗೆದ್ದವರೂ ಅವರೇ. ಆದರೆ ಪಂದ್ಯದುದ್ದಕ್ಕೂ ಬಾಯಿ ಮುಚ್ಚದೆ ಮಾತಾಡಿ ರಂಜಿಸಿದ್ದು ಫ್ಯಾಟ್ಸ್. ಮಾತಿಗೆ ಜನ ಸೇರುತ್ತಾರೆ ಎಂಬುದು ಅಲ್ಲಿ ಸಾಬೀತಾಯಿತು. ಹಾಗೆ ಸೇರಿದವರಿಗೆ ಮೊಸ್ಕೊನಿ ಏಕೆ ಅಷ್ಟು ದೊಡ್ಡ ಆಟಗಾರ ಎಂದು ತಿಳಿಸಿಕೊಡುವ ಕೆಲಸ ಮಾತ್ರ ಬಾಕಿ ಉಳಿಯಿತು.

ಆ ಕೆಲಸಕ್ಕೆ ಇಳಿದವರು ಪ್ಯಾಟ್ ಫ್ಲೆಮಿಂಗ್, 1980ರ ದಶಕದಲ್ಲಿ, ತಮ್ಮ ಆಕ್ಯು-ಸ್ಟ್ಯಾಟ್ಸ್ ವಿಡಿಯೊಗಳ ಮೂಲಕ. ಟಿ.ವಿ. ನಿರೂಪಕರ ಬದಲು ಬಿಲ್ಲಿ ಇನ್‌ಕಾರ್ಡೊನಾ, ಗ್ರೇಡಿ ಮ್ಯಾಥ್ಯೂಸ್, ಡ್ಯಾನಿ ಡಿಲಿಬರ್ಟೊ ಅವರಂಥ ಆಟಗಾರರನ್ನೇ ಮೈಕ್ ಮುಂದೆ ಕೂರಿಸಿದರು. ಜತೆಗೆ ಒಂದು ಅಂಕಿಯನ್ನೂ ಕೊಟ್ಟರು: ಹಾಕಿದ ಚೆಂಡುಗಳ ಸಂಖ್ಯೆಯನ್ನು, ಹಾಕಿದ ಚೆಂಡು ಮತ್ತು ಮಾಡಿದ ತಪ್ಪು ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ. 45 ಚೆಂಡು ಹಾಕಿ 5 ತಪ್ಪು ಮಾಡಿದವರಿಗೆ 0.900. ಅಷ್ಟಿದ್ದರೆ ವಿಶ್ವ ದರ್ಜೆ. ಬಿಳಿಚೆಂಡನ್ನು ತಪ್ಪು ಜಾಗದಲ್ಲಿ ನಿಲ್ಲಿಸುವುದನ್ನೂ ಇಲ್ಲಿ ತಪ್ಪೆಂದೇ ಎಣಿಸುತ್ತಾರೆ. ಕಣ್ಣಿಗೆ ಬೀಳದಿದ್ದ ಕೌಶಲಕ್ಕೆ ಕೊನೆಗೂ ಒಂದು ಲೆಕ್ಕ ಸಿಕ್ಕಿತು. ನನ್ನ ಪ್ರಕಾರ ಪೂಲ್ ಪ್ರಸಾರದಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದೇ.

ಬ್ರಿಟನ್ನಿನಲ್ಲಿ ಇದೇ ವಿಷಯವನ್ನು ಸ್ನೂಕರ್ ಕಾಮೆಂಟೇಟರ್ ಜಾನ್ ವರ್ಗೋ ಒಂದೇ ಪ್ರಶ್ನೆಯಲ್ಲಿ ಹೇಳುತ್ತಿದ್ದರು: ‘ಬಿಳಿಚೆಂಡು ಎಲ್ಲಿಗೆ ಹೋಗುತ್ತಿದೆ?’ ಅದು ಪಾಕೆಟ್‌ನತ್ತ ಉರುಳತೊಡಗಿದಾಗ ಕೇಳುವ ಈ ಮಾತು ಅವರ ಗುರುತೇ ಆಗಿಹೋಯಿತು. ಅದನ್ನು ಕೇಳಿದವರ ಕಣ್ಣು ತಾನಾಗಿ ಬಿಳಿಚೆಂಡಿನ ಹಿಂದೆ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಮೇಜಿನ ಮೇಲೆ 7, 8, 9 ಸಂಖ್ಯೆಯ ಚೆಂಡುಗಳು ಮಾತ್ರ ಉಳಿದಿವೆ, ಕಡಿಮೆ ಸಂಖ್ಯೆಯದಕ್ಕೆ ಮೊದಲು ತಾಗಿಸಬೇಕು. 7 ಮೇಲಿನ ಮೂಲೆಯ ಪಾಕೆಟ್ ಬಾಯಲ್ಲಿದೆ. 8 ಮೇಜಿನ ನಡುವೆ, ಅದು ಹೋಗಬೇಕಾದ್ದು ಪಕ್ಕದ ಮಧ್ಯದ ಪಾಕೆಟ್‌ಗೆ. 9 ಕೆಳಗಿನ ಕುಷನ್ (ಮೇಜಿನ ಅಂಚಿನ ಪಟ್ಟಿ) ಹತ್ತಿರ. 7 ಬಿದ್ದ ಮೇಲೆ ‘ಅದ್ಭುತ ಹೊಡೆತ’ ಎನ್ನುವ ಕಾಮೆಂಟೇಟರ್ ಏನನ್ನೂ ಹೇಳಿದಂತಾಗಲಿಲ್ಲ, ಅದನ್ನು ಯಾರು ಬೇಕಾದರೂ ಹಾಕುತ್ತಾರೆ. ಬಲ್ಲವರು ಹೊಡೆತಕ್ಕೆ ಮೊದಲೇ ಹೇಳುತ್ತಾರೆ: ‘ಬಿಳಿಚೆಂಡು 8 ಮತ್ತು ಅದರ ಪಾಕೆಟ್ ಇರುವ ಗೆರೆಯಲ್ಲಿ ನೇರವಾಗಿ ನಿಲ್ಲಬಾರದು. ನಿಂತರೆ ಬಿಳಿಚೆಂಡು ಮುಂದೆ ಹೋಗಿ ಪಾಕೆಟ್‌ಗೆ ಬೀಳಬಹುದು, ಇದ್ದಲ್ಲೇ ನಿಲ್ಲಬಹುದು, ಇಲ್ಲವೇ ಹಿಂದಕ್ಕೆ ಬರಬಹುದು. ಕೆಳಗಿರುವ 9ರ ಕಡೆಗಂತೂ ಹೋಗುವುದಿಲ್ಲ. ಮೇಲಿನ ಬದಿಗೆ ಸ್ವಲ್ಪ ಕೋನ ಉಳಿಸಿಕೊಂಡು ನಿಂತರೆ, 8 ಹಾಕಿದ ಹೊಡೆತದಲ್ಲೇ ಬಿಳಿಚೆಂಡು ಕೆಳಗೆ ಇಳಿಯುತ್ತದೆ. ಗೆರೆ ದಾಟಿ ಕೆಳಬದಿಗೆ ಹೋಯಿತೋ, ಮುಂದಿನ ಹೊಡೆತಕ್ಕೆ ಅದು ಮೇಲಕ್ಕೆ ಓಡುತ್ತದೆ.’ ನೇರ ಹೊಡೆತವೇ ಒಳ್ಳೆಯದು ಎಂದುಕೊಂಡಿದ್ದ ಹೊಸಬರಿಗೆ ಇದು ಹೊಸ ವಿಷಯ. ಈಗ ಅವರು 7 ಬೀಳುವುದನ್ನು ನೋಡುವುದೇ ಇಲ್ಲ, ಬಿಳಿಚೆಂಡು ಗೆರೆ ದಾಟುತ್ತದೆಯೋ ಇಲ್ಲವೋ ಎಂದು ಉಸಿರು ಹಿಡಿದು ಕಾಯುತ್ತಾರೆ.

ಮೊದಲೇ ಹೀಗೆ ಹೇಳಲು ಕಾಮೆಂಟೇಟರ್‌ಗೆ ಬೇಕಾದ ಜ್ಯಾಮಿತಿ ದೊಡ್ಡದೇನಲ್ಲ. ಬಿಳಿಚೆಂಡು ಉರುಳದೆ ಜಾರುತ್ತ ಬಂದು ತಾಗಿದರೆ ಎರಡು ಚೆಂಡುಗಳ ದಾರಿಯ ನಡುವೆ ಸುಮಾರು 90 ಡಿಗ್ರಿ ಕೋನ. ಸಹಜವಾಗಿ ಉರುಳುತ್ತ ಬಂದು ಅರ್ಧ ಚೆಂಡಿನ ಆಸುಪಾಸು ತಾಗಿದರೆ, ತಾನು ಬರುತ್ತಿದ್ದ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಈ ಎರಡು ಗೆರೆಗಳನ್ನು ಪರದೆಯ ಮೇಲೆ ಎಳೆದು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಅಂಕಿಗಳನ್ನು ಬಾಯಲ್ಲಿ ಹೇಳುತ್ತ ಹೋದರೆ ಪಾಠವಾಗಿಬಿಡುತ್ತದೆ.

1994ರಲ್ಲಿ ಮೊಸ್ಕೊನಿ ಕಪ್ ಶುರುವಾದಾಗ ಸದ್ದಿನ ಲೆಕ್ಕವೇ ಬದಲಾಯಿತು. ಯುರೋಪ್ ಮತ್ತು ಅಮೆರಿಕ ತಂಡಗಳ ಕಾದಾಟ, ಕೂಗುವ ಪ್ರೇಕ್ಷಕರು. ಪಿಸುದನಿ ಇಲ್ಲಿ ಕೇಳಿಸುವುದೇ ಇಲ್ಲ. ಡಾರ್ಟ್ಸ್‌ನಲ್ಲಿ ಹೆಸರು ಮಾಡಿದ್ದ ಸಿಡ್ ವಾಡೆಲ್ ಪೂಲ್‌ಗೂ ಬಂದರು, ಹುರುಪು ತಂದರು. ಇಂದಿನ ಪ್ರಸಾರಗಳಲ್ಲಿ ಹುರುಪು ತುಂಬುವ ನಿರೂಪಕರೊಬ್ಬರು, ಜತೆಗೆ ಕಾರ್ಲ್ ಬಾಯ್ಸ್, ಜೆರೆಮಿ ಜೋನ್ಸ್ ಅವರಂಥ ಆಡಿ ಬಂದವರೊಬ್ಬರು ಇರುವುದು ರೂಢಿ. ಇದು ಒಳ್ಳೆಯ ಜೋಡಿ. ಹೊಸಬರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಮೊದಲನೆಯವರು ಕೇಳಬಹುದು, ಎರಡನೆಯವರು ಉತ್ತರಿಸಬಹುದು.

ಹೊಡೆತಕ್ಕೆ ಸಿಗುವ ಸಮಯ 30 ಸೆಕೆಂಡು. ಆಟಗಾರ ಮೇಜಿನ ಸುತ್ತ ನಡೆಯುವ ಹೊತ್ತಿನಲ್ಲೇ ಎರಡು ವಾಕ್ಯ ಹೇಳಿ ಮುಗಿಸಬೇಕು: ಎಲ್ಲಿ ನಿಲ್ಲಿಸಬೇಕು, ತಪ್ಪಿದರೆ ಏನಾಗುತ್ತದೆ. ಆತ ಬಗ್ಗಿದ ಕೂಡಲೇ ಮಾತು ನಿಲ್ಲಬೇಕು. ಚೆಂಡು ಚೆಂಡಿಗೆ ತಾಗುವ ಸದ್ದಿನಲ್ಲೇ ಹೊಡೆತದ ಬಿರುಸು ತಿಳಿಯುತ್ತದೆ, ಅದರ ಮೇಲೆ ಮಾತಾಡಿದರೆ ನೋಡುಗರಿಗೆ ನಷ್ಟ. ಹೆಚ್ಚಿನ ಕಾಮೆಂಟರಿ ಕೆಡುವುದು ಇಲ್ಲೇ. ಇನ್ನೊಂದು ದೋಷ, ಚೆಂಡು ನಿಂತ ಮೇಲೆ ‘ಅವನು ಇದನ್ನೇ ಬಯಸಿದ್ದ’ ಎನ್ನುವುದು. ಮೊದಲೇ ಹೇಳಿ ತಪ್ಪಾದರೂ ಪರವಾಗಿಲ್ಲ. ಆಟಗಾರ ಬೇರೆ ದಾರಿ ಏಕೆ ಹಿಡಿದ ಎಂದು ವಿವರಿಸಿದರೆ ನೋಡುಗರು ಎರಡು ದಾರಿ ಕಲಿತಂತಾಯಿತು.

ಪಾಕೆಟ್‌ನ ಅಳತೆಯನ್ನೂ ಆಗಾಗ ನೆನಪಿಸಬೇಕು. ಚೆಂಡಿನ ಅಡ್ಡಳತೆ 2.25 ಇಂಚು, ಮಾನ್ಯ ನಿಯಮದಂತೆ ಮೂಲೆಯ ಪಾಕೆಟ್ ಬಾಯಿ ಕನಿಷ್ಠ 4.5 ಇಂಚು, ಅಂದರೆ ಸರಿಯಾಗಿ ಎರಡು ಚೆಂಡಿನಷ್ಟು. ದೊಡ್ಡ ಟೂರ್ನಿಗಳಲ್ಲಿ ಈಚೆಗೆ ಅದನ್ನು 4 ಇಂಚಿನವರೆಗೂ ಕಿರಿದು ಮಾಡಿದ್ದಾರೆ. ಚೆಂಡು ಪಾಕೆಟ್‌ನ ಎರಡು ಅಂಚಿಗೂ ಬಡಿದು ಹೊರಗೇ ಉಳಿದರೆ ಅದು ಸುಲಭದ ಹೊಡೆತ ತಪ್ಪಿದ್ದಲ್ಲ ಎಂಬುದು ಆಗ ಮಾತ್ರ ಅರ್ಥವಾಗುತ್ತದೆ.

ಈ ಆಟಗಳ ಬಳಗ ನಮಗೆ ಹೊರಗಿನದಲ್ಲ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್‌ನಲ್ಲಿ, ಅದರ ನಿಯಮಗಳು ಗಟ್ಟಿಯಾದದ್ದು ಊಟಿ ಕ್ಲಬ್‌ನಲ್ಲಿ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿಗಳನ್ನು ಗೆದ್ದ ಪಂಕಜ್ ಅಡ್ವಾಣಿ ಬೆಂಗಳೂರಿನವರು. ಕಬಡ್ಡಿಗೆ ಕನ್ನಡ ಕಾಮೆಂಟರಿ ಬಂದಾಗ ರೇಡ್, ಟ್ಯಾಕಲ್, ಬೋನಸ್ ಎಲ್ಲವೂ ಮನೆಮಾತಾದವು. ಪೂಲ್ ಮೇಜಿನ ಮುಂದೆ ಕನ್ನಡದಲ್ಲಿ ಮೈಕ್ ಹಿಡಿಯುವವರು ಮೊದಲ ಸುತ್ತಿನಲ್ಲಿ, ಅಂದರೆ ಮೊದಲ ರ‍್ಯಾಕ್‌ನಲ್ಲಿ ಮೂರೇ ನಿಯಮ ಹೇಳಿದರೆ ಸಾಕು: ಇರುವುದರಲ್ಲಿ ಕಡಿಮೆ ಸಂಖ್ಯೆಯ ಚೆಂಡಿಗೆ ಮೊದಲು ತಾಗಿಸಬೇಕು, ನಿಯಮದಂತೆ 9 ಯಾವಾಗ ಬಿದ್ದರೂ ಆ ರ‍್ಯಾಕ್ ಗೆದ್ದಂತೆ, ಫೌಲ್ ಆದರೆ ಎದುರಾಳಿ ಬಿಳಿಚೆಂಡನ್ನು ಬೇಕಾದಲ್ಲಿ ಇಟ್ಟು ಹೊಡೆಯಬಹುದು. ಪುಷ್-ಔಟ್, ಸತತ ಮೂರು ಫೌಲ್‌ನ ನಿಯಮ ಇವೆಲ್ಲ ಮೇಜಿನ ಮೇಲೆ ಎದುರಾದಾಗ ಹೇಳಿದರಾಯಿತು.